ಸೋಗಲಾಡಿ ಡಾಕ್ಟರು

ಅಕ್ಕನಿಗೆ,

ತಪ್ಪು ಹುಡುಕದೆ ಒಂದು ಸಾಲೂ ಓದಲಾಗದವಳು ನೀನು. ಇದನ್ನೂ ಕೆಂಪು ಪೆನ್ನು ಹಿಡಿದೇ ಓದು, ಬೇಸರವಿಲ್ಲ.

ನನ್ನ ಕಾದಂಬರಿ ಎರಡನೇ ಮುದ್ರಣಕ್ಕೆ ಹೋಗುತ್ತಿದೆ. ನೂರ ಹನ್ನೆರಡನೇ ಪುಟದ ಆ ಪದಕ್ಕೆ ಪ್ರೆಸ್ಸಿನವರು ಪೆನ್ಸಿಲಿನಲ್ಲಿ ಗೆರೆ ಎಳೆದು, ತೆಗೆಯೋಣವೇ ಎಂದು ಕೇಳಿದರು. ಮೊದಲ ಮುದ್ರಣದ ಕರಡು ತಿದ್ದುವಾಗ ನೀನು ಸಿಟ್ಟಿನಲ್ಲಿ ಅಂಚಿನಲ್ಲಿ 'ಸೋಗಲಾಡಿ' ಎಂದು ಗೀಚಿದ್ದೆ. ಪುಟ ಜೋಡಿಸುವ ಡಿಟಿಪಿಯವನು ಅದನ್ನೂ ತಿದ್ದುಪಡಿ ಎಂದುಕೊಂಡು ಸಾಲಿನೊಳಗೆ ಸೇರಿಸಿಬಿಟ್ಟ. 'ಸೋಗಲಾಡಿ ಡಾಕ್ಟರು ಕೈ ತೊಳೆದುಕೊಂಡು ಹೊರಬಂದರು' ಎಂದೇ ಅಚ್ಚಾಯಿತು. ನನ್ನ ನಾಯಕನನ್ನು ನಾನೇ ಬೈದ ಹಾಗಾಯಿತು. ವಿಮರ್ಶಕರೊಬ್ಬರು ಅದನ್ನು ದಿಟ್ಟತನವೆಂದು ಹೊಗಳಿದರು. ನಾನು ಮಾತ್ರ ನಿನ್ನೊಡನೆ ಒಂದು ವರ್ಷ ಮಾತು ಬಿಟ್ಟೆ.

ಅದಕ್ಕೆ ಮುಂಚೆ ನಿನ್ನ ಮೇಜಿನ ಮುಂದೆ ನಿಂತು ವಾದಿಸಿದ್ದು ನೆನಪಿದೆ. ರೋಗಿಗೆ ಎಂದೂ ಸುಳ್ಳು ಹೇಳಬಾರದೆಂದು ಊರಿಗೆಲ್ಲ ಸಾರುವ ಡಾಕ್ಟರು ತಮ್ಮ ಹೆಂಡತಿಯ ಕಾಯಿಲೆಯನ್ನು ಅವಳಿಂದಲೇ ಮುಚ್ಚಿಡುತ್ತಾರೆ. ಅದು ದೌರ್ಬಲ್ಯ, ಸೋಗಲ್ಲ. ನಂಬದೆ ಹೇಳುವವನು ಸೋಗಲಾಡಿ, ನಂಬಿಯೂ ನಡೆಯಲಾಗದವನು ಬರೀ ಮನುಷ್ಯ ಎಂದಿದ್ದೆ. ನೀನು ಕನ್ನಡಕ ಒರೆಸುತ್ತಾ ಹೇಳಿದೆ: "ಸೋತಿದ್ದಕ್ಕೆ ಬೈತಿಲ್ಲ ಕಣೋ. ಮಾರನೇ ದಿನ ಅದೇ ಬಾಯಲ್ಲಿ ಮತ್ತೆ ಉಪದೇಶಕ್ಕೆ ನಿಲ್ತಾನಲ್ಲ ನಿನ್ನ ಡಾಕ್ಟರು, ಅದಕ್ಕೆ. ಹೆಂಡತಿ ಹತ್ರ ಒಂದ್ಸಲ ತಪ್ಪಾಯ್ತು ಅಂದ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಆ ಕರಡಿಗೂ ಮುಂಚಿನ ಮಾತು. ಅಮ್ಮನಿಗೆ ಇನ್ನು ಮೂರು ವಾರವಷ್ಟೇ ಎಂದು ಆಸ್ಪತ್ರೆಯ ಮೆಟ್ಟಿಲ ಬಳಿ ನನಗೆ ಹೇಳಿದ್ದರು. ಬೇರೆ ಊರಿನಲ್ಲಿ ತರಬೇತಿಯಲ್ಲಿದ್ದ ನಿನಗೆ ಫೋನಿನಲ್ಲಿ, "ಗಾಬರಿ ಏನಿಲ್ಲಕ್ಕ, ಮುಗಿಸ್ಕೊಂಡೇ ಬಾ" ಎಂದೆ. ನೀನು ಬರುವಷ್ಟರಲ್ಲಿ ಅಮ್ಮನ ಮಾತು ನಿಂತಿತ್ತು. ಇಷ್ಟು ಬೇಗ ಹೀಗಾಗುತ್ತದೆಂದು ಯಾರಿಗೂ ಗೊತ್ತಾಗಲಿಲ್ಲ ಎಂದು ನಾನು ಮತ್ತೊಂದು ಸುಳ್ಳು ಹೇಳಿದೆ. ನಿಜವೆಂದರೆ, ನೀನು ಅಳುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ. ನನಗೆ ಯಾವತ್ತು ತಿಳಿಸಿದರೆಂದು ಆಸ್ಪತ್ರೆಯ ಫೈಲಿನಲ್ಲಿ ಬರೆದಿದ್ದ ತಾರೀಖು ನಿನ್ನ ಕಣ್ಣಿಗೆ ಬೀಳದೆ ಇದ್ದೀತೇ? ಅಲ್ಪವಿರಾಮವನ್ನೂ ಬಿಡದವಳು ನೀನು. ಮುಂದಿನ ತಿಂಗಳೇ ನಾನು ಬರಹಗಾರನ ಪ್ರಾಮಾಣಿಕತೆಯ ಬಗ್ಗೆ ಒಂದು ಗಂಟೆ ಭಾಷಣ ಮಾಡಿದೆ. ನೀನು ಎರಡನೇ ಸಾಲಿನಲ್ಲಿ ಕೂತಿದ್ದೆ. ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದೆ.

ಇವತ್ತು ಪ್ರೆಸ್ಸಿಗೆ ಹೋಗಿ, ನೀನು ಕಲಿಸಿದಂತೆ ಆ ಪದದ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆದೆ. ತೆಗೆಯಬೇಡಿ ಎನ್ನುವುದಕ್ಕೆ ಕರಡು ತಿದ್ದುವವರು ಹಾಕುವ ಗುರುತು ಅದೇ ತಾನೇ. ಡಾಕ್ಟರ ಹೆಂಡತಿ ಕೊನೆಯ ಪುಟಕ್ಕೆ ಮುಂಚೆಯೇ ತೀರಿಕೊಂಡಳು, ಅವರಿಗೆ ಇನ್ನು ಹೇಳಲು ಯಾರೂ ಇಲ್ಲ. ನನಗೆ ನೀನಿದ್ದೀಯ. ತಪ್ಪಾಯಿತು ಅಕ್ಕ.

ಈ ಕಾಗದದ ಅಂಚನ್ನು ಅಗಲವಾಗಿಯೇ ಬಿಟ್ಟಿದ್ದೇನೆ. ಏನು ಗೀಚಿ ಕಳಿಸಿದರೂ, ಈ ಸಲ ಸಾಲಿನೊಳಗೆ ನಾನೇ ಸೇರಿಸಿಕೊಳ್ಳುತ್ತೇನೆ.

ನಿನ್ನ ಕಣ್ಣು ನೂರು ವರ್ಷ ಹೀಗೇ ಚುರುಕಾಗಿರಲಿ.

ನಿನ್ನ ತಮ್ಮ