ಎರಡು ಸೌಟು ಸಾಸು

ದಾಂಡೇಲಿ
೯ ಫೆಬ್ರುವರಿ ೨೦೨೫

ಪ್ರೀತಿಯ ನಿಲೋಫರ,

ನೀನು, ತಾರಿಕ ಭಾಯಿ, ಮಕ್ಕಳು ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನೀನು ಎರಡು ಸಲ ಫೋನು ಮಾಡಿದಾಗಲೂ ನಾನು ಹೂಂ ಹೂಂ ಎಂದು ಇಟ್ಟುಬಿಟ್ಟೆ, ಸಿಟ್ಟಾಗಬೇಡ. ಈ ಎರಡು ಕೋಣೆಯ ಮನೆಯಲ್ಲಿ ನಾನು ಮಾತಾಡಿದ್ದು ಅತ್ತೆಗೂ ಕೇಳುತ್ತದೆ, ಗೋಡೆಯಾಚೆ ಸಾತಪ್ಪನವರ ಮನೆಗೂ ಕೇಳುತ್ತದೆ. ಅದಕ್ಕೇ ಕಾಗದ. ಹಳಿಯಾಳದ ಶಾಲೆ ಬಿಟ್ಟಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲಿರಬೇಕು. ಅಕ್ಷರ ಸೊಟ್ಟಗಿವೆ, ಕೈ ಬೇಗ ಸೋಲುತ್ತದೆ.

ಹೋದ ವರ್ಷ ಎದೆಯ ಗಡ್ಡೆ ತೆಗೆಸಿ, ಔಷಧಿಗೆಂದು ಹುಬ್ಬಳ್ಳಿಗೆ ಅಲೆದು ಬಂದಾಗಿನಿಂದ ಬೆಳಿಗ್ಗೆ ಏಳುವಾಗಲೇ ದಣಿದಿರುತ್ತೇನೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು. ಇವರು ಮಿಲ್ಲಿನ ಪಾಳಿ ಮುಗಿಸಿ ಬಂದರೆ ರೊಟ್ಟಿಯೇ ಬೇಕು. ಮಗಳು ಸ್ವಪ್ನಾ ರೊಟ್ಟಿ ಕಂಡರೆ ಮುಖ ತಿರುಗಿಸುತ್ತಾಳೆ. ಅತ್ತೆಗೆ ಹಲ್ಲಿಲ್ಲ. ಮೂರು ತರಹದ ಅಡುಗೆಗೆ ನಿಲ್ಲುವ ಕಾಲು ನನ್ನವಲ್ಲ ಮಾರಾಯ್ತಿ. ಹೋದ ತಿಂಗಳು ಮತ್ತೆ ತಪಾಸಣೆಗೆ ಹೋಗಿದ್ದೆನಲ್ಲ, ನೀನು ಅದನ್ನೇ ಕೇಳಲು ಫೋನು ಮಾಡಿದ್ದೆಂದು ಗೊತ್ತು. ಸ್ವಲ್ಪ ತಡೆ, ಮೊದಲು ನಿನ್ನ ಪಾಸ್ತಾದ ಕಥೆ ಕೇಳು.

ಟಿಬೆಟನ್ ಕಾಲೊನಿಯ ಹತ್ತಿರದ ನಿಮ್ಮ ಅಂಗಡಿಗೆ ಬಂದಾಗ ನೀನು ಚೀಲಕ್ಕೆ ತುರುಕಿದ ಪೊಟ್ಟಣಗಳು ಡಬ್ಬಿಯಲ್ಲೇ ಇದ್ದವು. ಬುಧವಾರ ರೊಟ್ಟಿ ತಟ್ಟಲು ಮನಸ್ಸೇ ಬರಲಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಟೊಮೆಟೊ, ಒಂದು ಹೋಳು ಕುಂಬಳಕಾಯಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ನಾಲ್ಕು ಬದನೆಕಾಯಿ ಎಲ್ಲವನ್ನೂ ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದೆ. ಹುರಿದ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಮಿಕ್ಸಿಗೆ ಹಾಕಿದೆ. ಎಣ್ಣೆ ಬಿಡುವವರೆಗೆ ಕುದಿಸಿ, ಒಂದು ಚೂರು ಬೆಲ್ಲ. ಅಷ್ಟೇ. ಸ್ವಪ್ನಾಗೆ ಪಾಸ್ತಾಕ್ಕೆ ಆಯಿತು, ಇವರಿಗೆ ಚಪಾತಿಗೆ ಆಯಿತು, ಮರುದಿನ ದೋಸೆಗೂ ಆಯಿತು. ಉಳಿದದ್ದಕ್ಕೆ ನೀರು ಬೆರೆಸಿ ಅನ್ನಕ್ಕೆ ಸಾರು ಮಾಡಿದೆ. ಇವರಿಗೆ ಗೊತ್ತೇ ಆಗಲಿಲ್ಲ!

ಬದನೆಕಾಯಿ ಏಕೆ ಹಾಕಿದೆ ಎಂದು ಹೇಳಬೇಕು. ಅತ್ತೆಗೆ ಎಣ್ಣೆಗಾಯಿ ಎಂದರೆ ಪ್ರಾಣ, ನಿನಗೂ ಗೊತ್ತು. ಆದರೆ ಹೋದ ವರ್ಷದಿಂದ ಮುಟ್ಟುತ್ತಿರಲಿಲ್ಲ. ಕೇಳಿದರೆ "ಬದನಿಕಾಯಿ ತಿಂದ್ರ ಮೊಣಕಾಲ ಹಿಡೀತಾವ" ಎನ್ನುತ್ತಿದ್ದರು. ಬೇಯಿಸಿ ರುಬ್ಬಿದರೆ ಎಂಥ ಮೊಣಕಾಲು, ಪಾಪ, ರುಚಿಯಾದರೂ ಹತ್ತಲಿ ಎಂದು ಹಾಕಿದೆ. ಅತ್ತೆ ಮೆತ್ತಗಿನ ಪಾಸ್ತಾ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇನ್ನೊಂದ ಸೌಟ ಹಾಕವಾ" ಎಂದರು. ಅವರು ಎರಡನೇ ಸಲ ಹಾಕಿಸಿಕೊಂಡದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

"ಏನೇನ ಹಾಕೀ ಇದಕ್ಕ?" ಎಂದು ಕೇಳಿದ್ದೇ ತಡ, ಸ್ವಪ್ನಾ ಒಂದೊಂದೇ ಹೆಸರು ಹೇಳಿದಳು. ಬದನೆಕಾಯಿ ಎಂದಕೂಡಲೇ ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಬಚ್ಚಲಿಗೆ ಹೋಗಿ ಬಾಯಿ ತೊಳೆದರು. ಮತ್ತೆ ಮತ್ತೆ ತೊಳೆದರು. ನಾನು ಹಿಂದೆಯೇ ಹೋಗಿ, "ಅತ್ತೀ, ಮೊಣಕಾಲಿಗೆ ಏನೂ ಆಗೂದಿಲ್ರಿ" ಎಂದೆ.

"ಮೊಣಕಾಲಿಗೆ ಬೆಂಕಿ ಹಚ್ಚ. ಅದನ್ನ ಕಾಶ್ಯಾಗ ಬಿಟ್ಟ ಬಂದೇನಿ" ಎಂದರು.

ಕಾಶಿಗೆ ಹೋದವರು ಇಷ್ಟದ ತರಕಾರಿಯೋ ಹಣ್ಣೋ ಒಂದನ್ನು ಜನ್ಮಪೂರ್ತಿ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿದೆ. ಅತ್ತೆ ಹಾಗಲಕಾಯಿ ಬಿಟ್ಟೆ ಎಂದಿದ್ದರು. ಎಂದೂ ತಿನ್ನದ ಹಾಗಲಕಾಯಿ ಬಿಟ್ಟು ಪುಣ್ಯ ಹೊಡೆದರು ಎಂದು ನಾವೆಲ್ಲ ಎಷ್ಟು ನಕ್ಕಿದ್ದೆವು! ನನಗಂತೂ ಒಳಗೆ ನೋವೂ ಇತ್ತು. ನಾನು ಔಷಧಿ ಏರಿಸಿಕೊಂಡು ಮಲಗಿದ್ದಾಗಲೇ ಅತ್ತೆ ಯಾತ್ರೆಗೆ ಹೋದರಲ್ಲ ಎಂದು ನಿನ್ನೆದುರು ಅತ್ತಿದ್ದೆ.

"ಮತ್ತ ಹಾಗಲಕಾಯಿ ಅಂತ ಯಾಕ ಹೇಳಿದ್ರಿ?" ಎಂದೆ.

"ಖರೇ ಹೇಳಿದ್ರ ನೀ ಬದನಿಕಾಯಿ ತರೂದ ಬಿಡ್ತಿದ್ದಿ. ನನ್ನ ಮಗ, ಹುಡುಗಿ ಯಾಕ ಬಿಡಬೇಕು? ನಾ ಬಿಟ್ಟದ್ದು ನಿನ್ನ ಹೆಸರಿಲೆ. ನಿನ್ನ ಗಡ್ಡಿ ಹೊಳ್ಳಿ ಬರಬಾರದು ಅಂತ ಬೇಡಿಕೊಂಡ ಬಂದಿದ್ದೆ. ಈಗ ನೋಡಿದ್ರ ನಾನ ಚಪ್ಪರಿಸಿ ತಿಂದೆ."

ನಿಲೋಫರ, ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಬಚ್ಚಲ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟೆ. ಇವರು ಬಂದು, "ಗೊತ್ತಿಲ್ಲದ ತಿಂದದ್ದಕ್ಕ ದೇವರ ಸಿಟ್ಟಾಗ್ತಾನೇನ ಅವ್ವಾ?" ಎಂದು ಸಮಾಧಾನ ಹೇಳಿದರು. ಅತ್ತೆ ಕೇಳಬೇಕಲ್ಲ. ಅಂದಿನಿಂದ ಒಂದೇ ಹೊತ್ತು ಊಟ, ಅದೂ ಬರೀ ಮಜ್ಜಿಗೆ ಅನ್ನ. ನಾನು ಬೇಡವೆಂದರೆ, "ನಿನಗೇನ ಗೊತ್ತ, ಸುಮ್ನಿರ" ಎನ್ನುತ್ತಾರೆ. ದಿನಾ ಬೆಳಿಗ್ಗೆ ನನ್ನ ಹಾಸಿಗೆಯ ಪಕ್ಕ ಬಂದು, "ಹುಬ್ಬಳ್ಳಿ ಡಾಕ್ಟರ ಫೋನ ಬಂತೇನ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ನಾನು ಹೂಂ ಎಂದರೆ ಜೀವ ಹೋಗುತ್ತದೇನೋ ಎಂಬಂತೆ ನನ್ನ ಬಾಯಿಯನ್ನೇ ನೋಡುತ್ತಾರೆ.

ಸಾಸು ಮಾತ್ರ ನೀನೂ ಮಾಡಿ ನೋಡು. ಬದನೆಕಾಯಿ ಇಲ್ಲದಿದ್ದರೆ ಸೋರೆಕಾಯಿಯೂ ನಡೆಯುತ್ತದೆ. ತಾರಿಕ ಭಾಯಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ಹೊಟ್ಟೆತುಂಬ ಉಂಡು, ಚೆನ್ನಾಗಿ ಓದಿ, ನಿನ್ನ ಕಣ್ಣೆದುರಿಗೆ ಸುಖವಾಗಿರಲಿ.

ನಿನ್ನ
ಅನ್ನಪೂರ್ಣಾ

ತಾ.ಕ.: ಫೋನು ಬಂದಿದೆ. ಬುಧವಾರ ಬೆಳಿಗ್ಗೆಯೇ ಬಂತು, ಇನ್ನೂ ಕುಕ್ಕರ್ ಇಡುವ ಮೊದಲು. ಗಡ್ಡೆ ತಿರುಗಿ ಬಂದಿದೆಯಂತೆ, ಈ ಸಲ ಕಂಕುಳಲ್ಲಿ. ಇವರಿಗೂ ಹೇಳಿಲ್ಲ. ನನಗೆ ಹೆದರಿಕೆ ಗಡ್ಡೆಯದಲ್ಲ. ಅತ್ತೆ ಒಂದು ತುತ್ತು ತಿನ್ನುವ ಮೊದಲೇ ಇದು ನನ್ನ ಮೈಯಲ್ಲಿತ್ತು ಎಂದರೆ ಅವರು ನಂಬುವುದಿಲ್ಲ. ತಮ್ಮನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನೀನು ಮುಂಡಗೋಡದಿಂದ ಒಂದು ದಿನ ಬಾ. ನಾನು ಹೇಳುವಾಗ ಜೊತೆಗಿರು. ನನ್ನ ಪಕ್ಕ ಬೇಡ, ಅವರ ಪಕ್ಕ ಕೂತುಕೋ.