ಮುಂದಿನ ಹಾಳೆ

18 ಜುಲೈ 2003, ಶುಕ್ರವಾರ

ಆ ಹಾಳೆಗಳನ್ನು ಅಡುಗೆಮನೆಯಲ್ಲಿ ಯಾಕಾದರೂ ಇಟ್ಟೆನೋ! ಇವರಿಗೆ ನಾವು ಹೇಳಿದ್ದು ಎದೆಯಲ್ಲಿ ನೀರು ತುಂಬಿದೆ ಎಂದಷ್ಟೇ. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ರೋಗಿಯನ್ನು ನೋಡಿಕೊಳ್ಳುವವರಿಗೆಂದು ಇಂಟರ್‌ನೆಟ್‌ನಲ್ಲಿ ಬರೆದದ್ದನ್ನು ನಿನ್ನೆ ಹಿಮಾಯತ್‌ನಗರದ ಸೈಬರ್ ಕೆಫೆಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದೆ, ಎರಡು ಹಾಳೆ. ಇಂಗ್ಲಿಷ್ ಬಾರದ ಅತ್ತೆ ಮೊದಲನೆಯದರಲ್ಲಿ ರೊಟ್ಟಿ ಸುತ್ತಿ ಮೈದುನನ ಕೈಲಿ ಆಸ್ಪತ್ರೆಗೆ ಕಳಿಸಿಬಿಟ್ಟಿದ್ದಾರೆ.

ನಾನು ಹೋದಾಗ ಇವರು ಆ ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದರು. ಅದರ ಕೊನೆಯ ಸಾಲು: 'ಇನ್ನೆಷ್ಟು ದಿನ ಎಂದು ಅವರೇ ಕೇಳಿದರೆ ಏನು ಹೇಳಬೇಕು?'

"ಶಾಂಭವಿ, ಇದರ ಮುಂದಿನ ಹಾಳಿ ಎಲ್ಲೈತಿ?"

"ಅಷ್ಟೇ ಐತ್ರಿ" ಎಂದೆ.

ರೊಟ್ಟಿ ಮುರಿದು ತಿಂದರು.

ಮುಂದಿನ ಹಾಳೆ ಈಗ ನನ್ನ ದಿಂಬಿನ ಕೆಳಗಿದೆ. ಹತ್ತು ಸಲ ಓದಿದೆ. ಮೊದಲ ಸಾಲೇ ಇದು: ಸುಳ್ಳು ಹೇಳಬೇಡಿ.