ಮೋನಮ್ಮ ಇನ್ನೂ ಸುತ್ತುತ್ತಿದ್ದಾಳೆ

ಸುರಪುರದ ವಿಜ್ಞಾನ ಮೇಳದ ಅಧಿಕಾರಿಗಳಿಗೆ,

ಮಾನ್ಯರೇ, ಪ್ಲೂಟೊ ಗ್ರಹವಲ್ಲವೆಂದು ನಮ್ಮ ಹುಡುಗಿಯ ಹೆಸರನ್ನು ಮೇಳದ ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ಇದು ನನ್ನ ಮೂರನೆಯ ಪತ್ರ. ಮೊದಲಿನ ಎರಡೂ ತಮ್ಮ ಮೇಜಿನ ಸುತ್ತ ಯಾವ ಕಕ್ಷೆಯಲ್ಲಿ ತಿರುಗುತ್ತಿವೆಯೋ ತಿಳಿಯದು. ಆದ್ದರಿಂದ ಇದನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ನಾನು ಏಳನೇ ಇಯತ್ತೆಯನ್ನು ಎರಡು ಸಲ ಓದಿದವನು. ಎಂದರೆ ಒಂದೇ ಸಲ ಓದಿದವರಿಗಿಂತ ಇಮ್ಮಡಿ ಬಲ್ಲವನು. ಹಾಗೆಂದೇ ಹೆಡ್ ಮಾಸ್ತರರು ಸೌರಮಂಡಲದ ರೂಪಕವನ್ನು ನನಗೆ ಒಪ್ಪಿಸಿದರು. ಒಂಬತ್ತು ಹುಡುಗಿಯರು ಒಂಬತ್ತು ಗ್ರಹಗಳು. ಸೂರ್ಯ ಯಾರೆಂದು ಕೇಳಬೇಡಿ. ಆ ಪಾತ್ರಕ್ಕೆ ತಕ್ಕ ತೇಜಸ್ಸು ಊರಿನಲ್ಲಿ ನನ್ನ ಹೊರತು ಇನ್ನಾರಿಗಿದೆ? ಶಾಲೆಯ ಬಯಲಿನಿಂದ ಕಾಲುವೆಯ ದಂಡೆಯವರೆಗೆ ಸುಣ್ಣದಲ್ಲಿ ಹಾದಿಗಳನ್ನು ಎಳೆದೆ. ನನ್ನ ಅಣ್ಣನ ಮಗಳು ಮೋನಮ್ಮ ಪ್ಲೂಟೊ, ಅವಳ ಗೆಳತಿ ಶಂಕ್ರಮ್ಮ ನೆಪ್ಚೂನ್. ನೆಲದ ಮೇಲೆ ಬರೆದರೆ ಇವೆರಡರ ಹಾದಿಗಳು ಒಂದನ್ನೊಂದು ದಾಟುತ್ತವೆ. ಆದರೆ ಶಂಕ್ರಮ್ಮ ಮೂರು ಸುತ್ತು ಮುಗಿಸುವಷ್ಟರಲ್ಲಿ ಮೋನಮ್ಮ ಸರಿಯಾಗಿ ಎರಡು ಮುಗಿಸಿದರೆ ಎಂದಿಗೂ ಢಿಕ್ಕಿಯಿಲ್ಲ. ಇಪ್ಪತ್ತು ದಿನ ಹಣೆಗೆ ಹಣೆ ಬಡಿದುಕೊಂಡು ಹುಡುಗಿಯರು ಅದನ್ನು ಕಲಿತರು.

ಆಮೇಲೆ ಬಂತು ತಮ್ಮ ಕಾಗದ: ವಿಜ್ಞಾನಿಗಳು ಸಭೆ ಸೇರಿ ತೀರ್ಮಾನಿಸಿದ್ದಾರೆ, ಗ್ರಹಗಳು ಎಂಟೇ, ಪ್ಲೂಟೊ ಸುತ್ತಲಿನ ಆಕಾಶಕಾಯಗಳಿಂದ ತನ್ನ ಹಾದಿಯನ್ನು ತೆರವು ಮಾಡಿಕೊಂಡಿಲ್ಲ, ಒಂಬತ್ತನೆಯವಳನ್ನು ಕರೆತರತಕ್ಕದ್ದಲ್ಲ.

ವಿಜ್ಞಾನಿಗಳ ಮೇಲೆ ನನ್ನ ತಕರಾರಿಲ್ಲ. ಆದರೆ ಹಾದಿ ತೆರವಾಗದ್ದನ್ನೆಲ್ಲ ಪಟ್ಟಿಯಿಂದ ತೆಗೆಯುವುದಾದರೆ ನಮ್ಮೂರ ಕಾಲುವೆಯಿಂದಲೇ ಶುರುಮಾಡಬಾರದೇ? ಅದರ ತುಂಬ ಹೂಳು, ಜಾಲಿ, ಯಾರದೋ ಟ್ರ್ಯಾಕ್ಟರಿನ ಹರಿದ ಟೈರು. ದಫ್ತರದಲ್ಲಿ ಮಾತ್ರ ಅದು ಇಂದಿಗೂ ಕಾಲುವೆ! ಮೇಲಾಗಿ ಆ ವಿಜ್ಞಾನಿಗಳು ಪ್ಲೂಟೊವನ್ನು ಕುಬ್ಜಗ್ರಹವೆಂದು ಕರೆದರೇ ಹೊರತು ಮನೆಗೆ ಹೋಗೆಂದರೇ? ಸೂರ್ಯನನ್ನು ಒಮ್ಮೆ ಸುತ್ತಿ ಬರಲು ಅದಕ್ಕೆ ಇನ್ನೂರ ನಲವತ್ತೆಂಟು ವರ್ಷ ಬೇಕು. ಇಂಥ ನಡಿಗೆಯವರು ತಮ್ಮ ಕಾಗದ ಕಂಡು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆಯೇ?

ಹೆಡ್ ಮಾಸ್ತರರು ಕಾಗದ ಓದಿ ಮೋನಮ್ಮನನ್ನು ಕೂರಿಸಿದರು. ಸೂರ್ಯನಾದ ನಾನು ಸುಮ್ಮನೆ ನಿಂತೆ. ಉಳಿದ ಎಂಟು ಜನ ಸುತ್ತತೊಡಗಿದರು. ಎರಡನೆಯ ಸುತ್ತಿಗೇ ಶಂಕ್ರಮ್ಮ ನಿಂತುಬಿಟ್ಟಳು.

"ಮೋನಿ ಇಲ್ಲಂದ್ರ ಯಾರ್ನ ನೋಡಿ ಎಣಿಸ್ಲಿ ಕಾಕಾ? ನಿನ್ನ ಮಾರಿ ನೋಡಿದ್ರ ನಗಿ ಬರ್ತೈತಿ."

ತಿರುಗಿ ನೋಡಿದರೆ ಮೋನಮ್ಮ ಎದ್ದಿದ್ದಳು. ದಂಡೆಯ ಮೇಲೆ ಒಬ್ಬಳೇ, ಅಳಿಸಿಹೋದ ಸುಣ್ಣದ ಗೆರೆಯ ಮೇಲೆ, ಅದೇ ನಿಧಾನದಲ್ಲಿ ನಡೆಯುತ್ತಿದ್ದಳು.

"ನಿನ್ನ ತೆಗದಾರವ್ವ, ಮತ್ಯಾಕ ತಿರಗಾಕತ್ತಿ?" ಎಂದೆ.

"ಸಾಹೇಬ್ರು ಬ್ಯಾಡಂದ್ರು, ಮಾಸ್ತರು ಕುಂದ್ರಂದ್ರು. ನೀ ಇನ್ನಾ ಏನೂ ಅಂದಿಲ್ಲಲ್ಲ ಕಾಕಾ."

ನನ್ನ ಇಮ್ಮಡಿ ಓದು ಆಗ ಒದಗಲಿಲ್ಲ. ಆದ್ದರಿಂದ ಈಗ ಹೇಳುತ್ತಿದ್ದೇನೆ: ಶನಿವಾರದ ಮೇಳದ ಪಟ್ಟಿಯಲ್ಲಿ "ಎಂಟು ಗ್ರಹಗಳು, ಒಂದು ಕುಬ್ಜಗ್ರಹ" ಎಂದು ತಿದ್ದಿ, ಮೋನಮ್ಮನನ್ನು ಕರೆಸಿಕೊಳ್ಳಿ. ಆಗದಿದ್ದರೆ ಸೂರ್ಯನನ್ನೂ ತಾವೇ ಹೊಂದಿಸಿಕೊಳ್ಳಿ. ಇಲ್ಲಿ ಒಬ್ಬಳು ಇನ್ನೂ ಸುತ್ತುತ್ತಿರುವಾಗ ನಾನು ಜಾಗ ಬಿಟ್ಟು ಬರುವಂತಿಲ್ಲ.

ಇಂತಿ,
ನಿಂತು ನಿಂತು ಮೊಣಕಾಲು ಹಿಡಿದ ಸೂರ್ಯ,
ಮರಿಲಿಂಗಪ್ಪ